ಹೈಸ್ಕೂಲ್ ಡ್ರಾಯಿಂಗ್ ಕ್ಲಾಸಿಗೆ ನಾಲ್ಕು ಕೈಕೆಲಸಗಳು: ಊರಿನ ಮಣ್ಣಿನಿಂದ ಸೋಪಿನ ಕೆತ್ತನೆಯವರೆಗೆ

ಬೇಲೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಹೇಳಿಕೊಡುತ್ತೇನೆ. ಒಂದು ಕ್ಲಾಸಿಗೆ ವಾರಕ್ಕೆ ಸಿಗುವುದು ಎರಡೇ ಪೀರಿಯಡ್, ಒಂದೊಂದು 40 ನಿಮಿಷ. ಮೊದಮೊದಲು ನಾನೂ ಬೋರ್ಡಿನ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ಗುಡಿಸಲು ಬಿಡಿಸಿ, ನೋಡಿಕೊಂಡು ಬರೆಯಿರಿ ಅಂತ ಹೇಳುತ್ತಿದ್ದೆ. ಎಲ್ಲ ಮಕ್ಕಳ ಪುಸ್ತಕದಲ್ಲೂ ಅದೇ ಬೆಟ್ಟ, ಅದೇ ಸೂರ್ಯ. ಒಂದು ದಿನ ಪುಸ್ತಕಗಳನ್ನು ತಿದ್ದುತ್ತಾ ಕೂತಾಗ, ಹೆಸರು ಮುಚ್ಚಿಟ್ಟರೆ ಯಾರ ಚಿತ್ರ ಯಾರದು ಅಂತ ನನಗೇ ಗೊತ್ತಾಗುವುದಿಲ್ಲ ಅನ್ನಿಸಿ ತುಂಬಾ ಬೇಜಾರಾಯಿತು. ಆಮೇಲೆ ಶುರು ಮಾಡಿದ್ದು ಈ ಕೈಕೆಲಸಗಳನ್ನು.

ಇದರಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಮಗುವಿನ ಕೈಗೆ ಸುಲಭಕ್ಕೆ ಬಗ್ಗದ ಒಂದು ವಸ್ತು ಕೊಡಬೇಕು. ಮಣ್ಣು ಬಿರಿಯುತ್ತದೆ, ಸೋಪು ಮುರಿಯುತ್ತದೆ, ಅಕ್ಷರ ಉಲ್ಟಾ ಅಚ್ಚಾಗುತ್ತದೆ. ಆಗ ನಾನು ಬೋರ್ಡಿನ ಹತ್ತಿರ ನಿಂತು ಹೇಳುವ ಮಾತಿಗಿಂತ ಜಾಸ್ತಿ ಆ ವಸ್ತುವೇ ಹೇಳಿಕೊಡುತ್ತದೆ. ಅದೂ ಊರಲ್ಲೇ ಸಿಗುವ ವಸ್ತು ಆದರೆ ದುಡ್ಡಿನ ತಲೆನೋವೂ ಇಲ್ಲ.

ಶುರು ಮಾಡುವ ಮೊದಲು

ಹೆಡ್ ಮಾಸ್ಟರ್ ಹತ್ತಿರ ಮಾತಾಡಿ ವಾರದ ಎರಡು ಪೀರಿಯಡ್‌ಗಳನ್ನು ಒಂದೇ ದಿನ ಬೆನ್ನುಬೆನ್ನಿಗೆ ಹಾಕಿಸಿಕೊಳ್ಳಿ. ಇದೊಂದು ಆಗದಿದ್ದರೆ ಉಳಿದದ್ದೆಲ್ಲ ಕಷ್ಟ. 40 ನಿಮಿಷದಲ್ಲಿ ಸಾಮಾನು ಹಂಚುವುದಕ್ಕೆ 10, ತೊಳೆಯುವುದಕ್ಕೆ 10 ಹೋದರೆ ಕೆಲಸಕ್ಕೆ ಉಳಿಯುವುದು 20 ನಿಮಿಷ ಮಾತ್ರ.

ಐದೈದು ಮಕ್ಕಳ ಗುಂಪು ಮಾಡಿ. ಒಂದು ಗುಂಪಿಗೆ ಒಂದು ಬಕೆಟ್, ಒಂದು ಹಳೆ ಗೋಣಿಚೀಲ, ಒಂದಷ್ಟು ಹಳೆ ಪೇಪರ್. ಪ್ರತಿ ವಾರ ಗುಂಪಿನ ಒಬ್ಬರು ಸಾಮಾನಿನ ಜವಾಬ್ದಾರಿ ಹೊರಬೇಕು. ಗಂಟೆ ಹೊಡೆಯುವ 10 ನಿಮಿಷ ಮೊದಲು, ಎಷ್ಟೇ ಚೆನ್ನಾಗಿ ಕೆಲಸ ನಡೆಯುತ್ತಿದ್ದರೂ ನಿಲ್ಲಿಸಿ. ಮುಂದಿನ ಪೀರಿಯಡ್‌ನ ಗಣಿತದ ಮೇಷ್ಟ್ರು ಕೆಸರಿನ ಬೆಂಚು ನೋಡಿದರೆ ಮತ್ತೆ ನಿಮಗೆ ಜೋಡಿ ಪೀರಿಯಡ್ ಸಿಗುವುದು ಅನುಮಾನ.

ನಮ್ಮ ಕಡೆ ಮಳೆಗಾಲ ನೋಡಿಕೊಂಡೇ ಕೆಲಸ ಹಾಕಿಕೊಳ್ಳಬೇಕು. ಜೂನ್, ಜುಲೈನಲ್ಲಿ ಬಣ್ಣ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಚ್ಚು. ದಸರಾ ರಜೆ ಕಳೆದು, ಬಿಸಿಲು ಬಿದ್ದ ಮೇಲೆ ಮಣ್ಣಿನ ಆನೆ, ಸೋಪಿನ ಕೆತ್ತನೆ. ಹತ್ತನೇ ಕ್ಲಾಸಿನವರ ಕೆಲಸ ಡಿಸೆಂಬರ್ ಒಳಗೆ ಮುಗಿಸಿ. ಆಮೇಲೆ ಅವರ ತಲೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಿಟ್ಟು ಬೇರೆ ಏನೂ ಇರುವುದಿಲ್ಲ.

ಮೊದಲ ಕೆಲಸ: ಮಣ್ಣಿನ ಬಣ್ಣ

ಇದು ಬೇಸಿಗೆ ರಜೆಗೆ ಮುಂಚೆಯೇ ಶುರುವಾಗಬೇಕು. ಏಪ್ರಿಲ್‌ನಲ್ಲಿ ಮಕ್ಕಳನ್ನು ಮನೆಗೆ ಕಳಿಸುವಾಗ ಒಂದು ಮಾತು ಹೇಳಿ ಕಳಿಸಿ: ರಜೆಯಲ್ಲಿ ಯಾವ ಊರಿಗೆ ಹೋಗುತ್ತೀರೋ ಆ ಊರಿನ ಎರಡು ಹಿಡಿ ಮಣ್ಣು ತನ್ನಿ. ಅಜ್ಜಿ ಮನೆ, ಮಾವನ ಮನೆ, ಎಲ್ಲಿಂದಾದರೂ ಸರಿ. ಒಣ ಮಣ್ಣು, ಪ್ಲಾಸ್ಟಿಕ್ ಕವರಿನಲ್ಲಿ, ಒಳಗೆ ಊರಿನ ಹೆಸರಿನ ಚೀಟಿ ಹಾಕಿ.

ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಗಾಢ ಕೆಮ್ಮಣ್ಣು ಬರುತ್ತದೆ. ಅಜ್ಜಂಪುರ, ಕಡೂರು ಕಡೆ ನೆಂಟರಿರುವ ಮಕ್ಕಳು ಕಪ್ಪು ಎರೆ ಮಣ್ಣು ತರುತ್ತಾರೆ. ಕೆರೆಯಂಗಳದಿಂದ ಬೂದು ಬಣ್ಣದ ಜೇಡಿ. ಬಾವಿ ತೋಡಿದ ಕಡೆ, ರಸ್ತೆಗೆ ಗುಡ್ಡ ಕಡಿದ ಕಡೆ ಹಳದಿ ಮಣ್ಣು ಸಿಕ್ಕೇ ಸಿಗುತ್ತದೆ. ಜೂನ್‌ನಲ್ಲಿ ಎಲ್ಲ ಕವರುಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು, ತಿಳಿ ಬಣ್ಣದಿಂದ ಗಾಢ ಬಣ್ಣದವರೆಗೆ ಮಕ್ಕಳೇ ಜೋಡಿಸಲಿ. ಮೊದಲ ಪೀರಿಯಡ್ ಇದಕ್ಕೇ ಹೋಗುತ್ತದೆ, ಹೋಗಲಿ. ಕೆಮ್ಮಣ್ಣು ಅಂತ ಒಂದೇ ಮಾತಲ್ಲಿ ಕರೆಯುವ ಬಣ್ಣದಲ್ಲಿ ಏಳೆಂಟು ಬಣ್ಣ ಇವೆ ಅಂತ ಅವರಿಗೆ ಗೊತ್ತಾಗುವುದು ಆಗಲೇ. ಒಂದು ಎಚ್ಚರಿಕೆ: ಹುತ್ತದ ಮಣ್ಣು ನುಣ್ಣಗಿರುತ್ತದೆ ಅಂತ ಹುತ್ತಕ್ಕೆ ಕೈ ಹಾಕಬಾರದು ಅಂತ ಏಪ್ರಿಲ್‌ನಲ್ಲೇ ಗಟ್ಟಿಯಾಗಿ ಹೇಳಿರಿ.

ಈಗ ಮಣ್ಣನ್ನು ಬಣ್ಣ ಮಾಡುವ ವಿಧಾನ.

ಹೆಂಟೆ ಪುಡಿ ಮಾಡಿ, ಕಲ್ಲು, ಬೇರು ಆರಿಸಿ. ಅರ್ಧ ಬಕೆಟ್ ನೀರಿಗೆ ಆ ಮಣ್ಣು ಹಾಕಿ ಕೋಲಿನಿಂದ ಚೆನ್ನಾಗಿ ಕದಡಿ. ಒಂದು ನಿಮಿಷ ಸುಮ್ನೆ ಬಿಡಿ. ಮರಳು ಭಾರ, ಅದು ತಳಕ್ಕೆ ಇಳಿಯುತ್ತದೆ. ನುಣ್ಣನೆ ಮಣ್ಣು ಇನ್ನೂ ನೀರಲ್ಲೇ ತೇಲುತ್ತಿರುತ್ತದೆ. ಆ ಕದಡಿದ ನೀರನ್ನು ಮಾತ್ರ, ಹಳೆ ಪಂಚೆ ಬಟ್ಟೆಯ ಮೂಲಕ ಇನ್ನೊಂದು ಪಾತ್ರೆಗೆ ಬಗ್ಗಿಸಿ. ತಳದ ಮರಳು ಅಂಗಳಕ್ಕೆ ಚೆಲ್ಲಿ. ಎರಡನೇ ಪಾತ್ರೆ ರಾತ್ರಿಯಿಡೀ ಅಲುಗಾಡದೆ ಇರಲಿ. ಬೆಳಿಗ್ಗೆ ಮೇಲಿನ ತಿಳಿನೀರು ಚೆಲ್ಲಿದರೆ ಕೆಳಗೆ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಅದನ್ನು ತಟ್ಟೆಯಲ್ಲಿ ಹರಡಿ ಒಣಗಿಸಿ ಪುಡಿ ಮಾಡಿ. ಇದೇ ನಿಮ್ಮ ಬಣ್ಣದ ಪುಡಿ.

ಪುಡಿ ಕಾಗದಕ್ಕೆ ಹಿಡಿಯಬೇಕಾದರೆ ಅಂಟು ಬೇಕು. ಜಾಲಿ ಮರದ ಅಂಟು ಸಿಕ್ಕರೆ ಒಂದು ಪಾಲು ಅಂಟನ್ನು ಎರಡು ಪಾಲು ಬಿಸಿನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಎರಡು ಲವಂಗ ಹಾಕಿಟ್ಟರೆ ಬೂಸು ಬರುವುದು ತಡವಾಗುತ್ತದೆ. ಅಂಟು ಸಿಗದಿದ್ದರೆ ಒಂದು ಚಮಚ ಫೆವಿಕಾಲ್‌ಗೆ ಎರಡು ಚಮಚ ನೀರು ಬೆರೆಸಿ. ಎರಡು ಚಮಚ ಪುಡಿಗೆ ಒಂದು ಚಮಚದಷ್ಟು ಈ ಅಂಟುನೀರು ಹಾಕಿ, ಹಳೆ ಟೈಲ್ಸ್ ತುಂಡಿನ ಮೇಲೆ ಚಪ್ಪಟೆ ಕಲ್ಲಿನಿಂದ ಅರೆಯಿರಿ. ಐದು ನಿಮಿಷ ಅರೆದದ್ದಕ್ಕೂ ಹದಿನೈದು ನಿಮಿಷ ಅರೆದದ್ದಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ, ಅವಸರ ಮಾಡಬೇಡಿ.

ಹದ ನೋಡುವುದು ಹೀಗೆ. ಒಂದು ಗೆರೆ ಎಳೆದು ಒಣಗಲು ಬಿಡಿ. ಬೆರಳಿಂದ ಉಜ್ಜಿದಾಗ ಪುಡಿ ಬಂದರೆ ಅಂಟು ಕಡಿಮೆ. ಒಣಗಿದ ಮೇಲೆ ಮಿರಮಿರ ಮಿಂಚಿ, ಬಿರುಕು ಬಿಟ್ಟರೆ ಅಂಟು ಜಾಸ್ತಿ. ಮಣ್ಣು ಮಣ್ಣಿಗೂ ಈ ಲೆಕ್ಕ ಬದಲಾಗುತ್ತದೆ. ಎರೆ ಮಣ್ಣು ಒಣಗುವಾಗ ಕುಗ್ಗುತ್ತದೆ, ಅದನ್ನು ತೆಳ್ಳಗೇ ಹಚ್ಚಬೇಕು.

ಮಕ್ಕಳ ಕಣ್ಣು ಅಗಲ ಆಗುವ ಭಾಗ ಇನ್ನೊಂದಿದೆ. ಒಂದು ಹಿಡಿ ಹಳದಿ ಮಣ್ಣಿನ ಪುಡಿಯನ್ನು ಹಳೆ ಕಬ್ಬಿಣದ ತವಾ ಮೇಲೆ ಹಾಕಿ, ದೊಡ್ಡ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯಿರಿ. ಇದನ್ನು ಮೇಷ್ಟ್ರೇ ಮಾಡಬೇಕು, ಮಕ್ಕಳು ದೂರ ನಿಂತು ನೋಡಲಿ. ಸ್ವಲ್ಪ ಹೊತ್ತಿಗೆ ಹಳದಿ ಕೆಂಪಗಾಗುತ್ತಾ ಬರುತ್ತದೆ. ಹಳದಿ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ನೀರಿನ ಜೊತೆ ಸೇರಿಕೊಂಡಿರುತ್ತದೆ, ಕಾಯಿಸಿದಾಗ ಆ ನೀರು ಬಿಟ್ಟುಹೋಗಿ ಕೆಂಪು ಉಳಿಯುತ್ತದೆ. ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಕೆಂಪಾಗುವುದೂ ಈ ಕಬ್ಬಿಣದಿಂದಲೇ. ಸಾಧ್ಯವಾದರೆ ಅವತ್ತು ವಿಜ್ಞಾನದ ಟೀಚರನ್ನೂ ಕರೆಯಿರಿ, ಅವರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ.

ಬಿಳಿಗೆ ಸೀಮೆಸುಣ್ಣದ ಪುಡಿ ಸಾಕು. ಗೋಡೆಗೆ ಹಚ್ಚುವ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದು ಬೇಡ. ಕಪ್ಪಿಗೆ ಒಲೆಯ ಇದ್ದಿಲು. ಕಂದು ಬೇಕಾದರೆ ಕಾಫಿ ಡಿಕಾಕ್ಷನ್: ಗಟ್ಟಿ, ನಡುಮಟ್ಟ, ತೆಳು ಅಂತ ಮೂರು ಲೋಟದಲ್ಲಿ ಇಟ್ಟುಕೊಂಡರೆ ಒಂದೇ ಬಣ್ಣದಲ್ಲಿ ನೆರಳು ಬೆಳಕು ಕಲಿಸಬಹುದು. ಬಾಬಾ ಬುಡನ್ ತಂದರು ಅಂತ ಹೇಳುವ ಏಳು ಬೀಜದ ಕಥೆ ಗೊತ್ತಿಲ್ಲದ ಮಗು ನಮ್ಮ ಕಡೆ ಇಲ್ಲ. ಆ ಕಾಫಿಯಲ್ಲಿ ಬೆಟ್ಟದ ಸಾಲು ಬಿಡಿಸಿ ಅಂದರೆ ಹುರುಪಿನಿಂದ ಕೂರುತ್ತಾರೆ. ಅರಿಶಿನ ನೋಡಲು ಚೆಂದ, ಆದರೆ ಬಿಸಿಲಿಗೆ ಕೆಲವೇ ದಿನದಲ್ಲಿ ಮಾಸಿಹೋಗುತ್ತದೆ. ಮಣ್ಣು ಮಾಸುವುದಿಲ್ಲ.

ಕಾಗದದ ಬಗ್ಗೆ: ತೆಳು ಡ್ರಾಯಿಂಗ್ ಶೀಟ್ ಈ ಬಣ್ಣಕ್ಕೆ ಸುಕ್ಕಾಗುತ್ತದೆ. ಅಂಗಡಿಯಲ್ಲಿ ಬಿಸಾಡುವ ರಟ್ಟಿನ ಪೆಟ್ಟಿಗೆ ಬಿಚ್ಚಿ, ಸೀಮೆಸುಣ್ಣದ ಪುಡಿಗೆ ಅಂಟುನೀರು ಕಲಸಿ ಎರಡು ಕೋಟು ಬಳಿದರೆ ಒಳ್ಳೆಯ ಹಲಗೆ ಆಗುತ್ತದೆ. ರಟ್ಟಿನ ಹಿಂದೆಯೂ ಒಂದು ಕೋಟು ಬಳಿಯಿರಿ, ಇಲ್ಲದಿದ್ದರೆ ಒಂದೇ ಕಡೆಗೆ ಬಾಗುತ್ತದೆ.

ಏನು ಬಿಡಿಸಬೇಕು ಅಂತ ಮಾತ್ರ ನೀವು ಹೇಳಬೇಡಿ. ಆ ಮಣ್ಣು ತಂದ ಜಾಗದ ಒಂದು ನೆನಪು, ಅಷ್ಟು ಹೇಳಿದರೆ ಸಾಕು.

ಎರಡನೇ ಕೆಲಸ: ಹವಾಯಿ ಚಪ್ಪಲಿಯ ಅಚ್ಚು

ಮಳೆ ಹೊಡೆಯುತ್ತಿರುವಾಗ ಒಳಗೆ ಕೂತು ಮಾಡುವ ಕೆಲಸ ಇದು. ಅಚ್ಚು ಕೆತ್ತುವ ಲೈನೋ ಶೀಟ್, ಉಳಿ ಯಾವುದೂ ಬೇಡ. ಉಂಗುಷ್ಠ ಕಿತ್ತುಹೋದ ಹವಾಯಿ ಚಪ್ಪಲಿ ಪ್ರತಿ ಮನೆಯಲ್ಲೂ ಇರುತ್ತದೆ ಅಲ್ವಾ, ಅದರ ಅಟ್ಟೆ ಚೆನ್ನಾಗಿ ತೊಳೆದು ತರಲಿ. ಸವೆಯದೆ ಸಪಾಟಾಗಿರುವ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ತುಂಡು ನೀವೇ ಕತ್ತರಿಸಿ ಕೊಡಿ.

ಚಿತ್ರಕ್ಕೆ ಬದಲು ಅಕ್ಷರ ಕೊಡುತ್ತೇನೆ. ಹಲ್ಮಿಡಿ ನಮ್ಮ ತಾಲ್ಲೂಕಿನದೇ ಊರು. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು 450ನೇ ಇಸವಿಯದು ಅಂತ ಹೇಳುವ ಶಾಸನ ಸಿಕ್ಕಿದ್ದು ಅಲ್ಲಿ. ಅದರ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಮಕ್ಕಳಿಗೆ ಮೊದಲು ಒಂದಕ್ಷರವೂ ಓದಲು ಬರುವುದಿಲ್ಲ. ಇವತ್ತಿನ ಕ, ರ, ಮ ಆಗ ಹೇಗಿತ್ತು ಅಂತ ಹುಡುಕುತ್ತಾ ಹೋದಾಗ ಅಕ್ಷರ ಅನ್ನುವುದೂ ಒಂದು ಚಿತ್ರವೇ ಅಂತ ಅವರಿಗೆ ಹೊಳೆಯುತ್ತದೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರವನ್ನು, ಹಳೆಯದೋ ಹೊಸದೋ ತಮಗೆ ಇಷ್ಟವಾದ ರೂಪದಲ್ಲಿ ಅಚ್ಚು ಮಾಡಲಿ.

ಅಕ್ಷರವನ್ನು ಬಟರ್ ಪೇಪರಿನಲ್ಲಿ ಪೆನ್ಸಿಲ್‌ನಿಂದ ದಪ್ಪವಾಗಿ ಬರೆದು, ಕಾಗದ ಮಗುಚಿ ಅಟ್ಟೆಯ ಮೇಲಿಟ್ಟು ಹಿಂದಿನಿಂದ ಉಜ್ಜಬೇಕು. ಆಗ ಅಟ್ಟೆಯ ಮೇಲೆ ಅಕ್ಷರ ಉಲ್ಟಾ ಮೂಡುತ್ತದೆ, ಅಚ್ಚಿನಲ್ಲಿ ಸರಿಯಾಗಿ ಬರುತ್ತದೆ. ಸುತ್ತಲಿನ ಭಾಗವನ್ನು ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಗಟ್ಟಿಯಾಗಿ ಒತ್ತಿ ಒತ್ತಿ ತಗ್ಗು ಮಾಡಿದರೂ ಸಾಕು. ಕೆತ್ತಲೇಬೇಕು ಅನ್ನುವ ಹತ್ತನೇ ಕ್ಲಾಸಿನವರಿಗೆ ಮಾತ್ರ ಸಣ್ಣ ಕಟರ್ ಕೊಡಿ, ಒಂದು ಸಲಕ್ಕೆ ಇಬ್ಬರಿಗೆ, ನಿಮ್ಮ ಟೇಬಲ್ ಪಕ್ಕ ಕೂತು. ಅಟ್ಟೆ ಹಿಡಿದ ಕೈ ಯಾವಾಗಲೂ ಬ್ಲೇಡಿನ ಹಿಂದೆ ಇರಬೇಕು.

ಬಣ್ಣವನ್ನು ಬ್ರಷ್‌ನಿಂದ ಬಳಿಯಬೇಡಿ, ಗೆರೆ ಗೆರೆ ಬರುತ್ತದೆ. ಸ್ಪಂಜಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ, ಅಕ್ರಿಲಿಕ್ ಬಣ್ಣದಲ್ಲಿ ಅದ್ದಿ, ಮೊದಲು ಹಳೆ ಪೇಪರಿಗೆ ಒತ್ತಿ ಜಾಸ್ತಿ ಆದದ್ದನ್ನು ತೆಗೆದು, ಆಮೇಲೆ ಅಚ್ಚಿಗೆ ತಟ್ಟಿ. ಕಾಗದದ ಕೆಳಗೆ ನಾಲ್ಕು ಪದರ ಪೇಪರ್ ಇದ್ದರೆ ಅಚ್ಚು ಚೆನ್ನಾಗಿ ಕೂರುತ್ತದೆ. ಮೊದಲ ಮೂರು ಅಚ್ಚು ಕೆಟ್ಟೇ ಕೆಡುತ್ತವೆ. ಅದನ್ನು ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಕೆಲವು ಮಕ್ಕಳು ಅಲ್ಲೇ ಕೈಬಿಡುತ್ತಾರೆ.

ಮೂರನೇ ಕೆಲಸ: ಆನೆಯ ಸಾಲು

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಕೆಳಗಿನ ಪಟ್ಟಿಯಲ್ಲಿ ಆನೆಗಳು ಸಾಲಾಗಿ ನಡೆಯುತ್ತಿವೆ. ನಮ್ಮ ಮಕ್ಕಳು ಅದನ್ನು ಎಷ್ಟೋ ಸಲ ನೋಡಿರುತ್ತಾರೆ, ಆದರೆ ನಿಂತು ನೋಡಿರುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದರ ಬಗ್ಗೆ ಭಾಷಣ ಕೇಳಿದ ಮಕ್ಕಳಿಗೂ ಆ ಆನೆಗಳ ಸೊಂಡಿಲು ಹೇಗೆ ಮಡಚಿದೆ ಅಂತ ಕೇಳಿದರೆ ಗೊತ್ತಿರಲಿಲ್ಲ.

ಹಾಗಾಗಿ ಮೊದಲು ಕರೆದುಕೊಂಡು ಹೋಗಿ. ದೂರ ಆದರೆ ಹತ್ತಿರದ ಯಾವುದಾದರೂ ಹೊಯ್ಸಳ ಗುಡಿ ನೋಡಿ, ಹಾಸನ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ದೇವಸ್ಥಾನ ಪೂರ್ತಿ ಸುತ್ತಿಸಬೇಡಿ. ಒಬ್ಬೊಬ್ಬರಿಗೆ ಒಂದು ಗೇಣು ಜಾಗ ಗುರುತು ಮಾಡಿಕೊಡಿ, 30 ನಿಮಿಷ ಅದನ್ನೇ ನೋಡಿ ಬರೆಯಲಿ. ಒಂದು ಆನೆ ಪಕ್ಕದ ಆನೆ ಥರ ಇದೆಯಾ ಅಂತ ಕೇಳಿ. ಕಲ್ಲಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಮಾತ್ರ ಖಂಡಿತ ಬೇಡ. ಅದು ರಕ್ಷಿತ ಸ್ಮಾರಕ, ಮುಟ್ಟಿ ಮುಟ್ಟಿಯೇ ಎಷ್ಟೋ ಮೂಗು, ಬೆರಳು ಸವೆದಿವೆ.

ವಾಪಸ್ ಬಂದ ಮೇಲೆ ಪ್ರತಿ ಮಗುವೂ 15 ಸೆಂಟಿಮೀಟರ್ ಚೌಕದ ಒಂದು ಬಿಲ್ಲೆಯ ಮೇಲೆ ಒಂದು ಆನೆ ಮಾಡಬೇಕು. ಎಲ್ಲ ಬಿಲ್ಲೆ ಜೋಡಿಸಿದರೆ ಶಾಲೆಯ ಆನೆಸಾಲು.

ಜೇಡಿಮಣ್ಣು ಹತ್ತಿರದ ಕುಂಬಾರರ ಮನೆಯಲ್ಲಿ ಹದ ಮಾಡಿದ್ದೇ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಕೇಳುವುದಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಿಗದಿದ್ದರೆ ಕೆರೆ ಜೇಡಿಯನ್ನು ಒಣಗಿಸಿ, ಪುಡಿ ಮಾಡಿ, ಎರಡು ದಿನ ನೆನೆಸಿ, ಜರಡಿ ಹಿಡಿದು, ಗೋಣಿಚೀಲದ ಮೇಲೆ ಹರಡಿ ನೀರು ಇಂಗಿಸಿ, ಚಪಾತಿ ಹಿಟ್ಟಿನ ಹಾಗೆ ನಾದಿ. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರಿಯದಿದ್ದರೆ ಹದ ಸರಿ ಇದೆ. ಬಿರಿದರೆ ಮರಳು ಜಾಸ್ತಿ, ಇಲ್ಲವೇ ನೀರು ಸಾಲದು.

ಒಂದೂವರೆ ಸೆಂಟಿಮೀಟರ್ ದಪ್ಪದ ಎರಡು ಮರದ ಪಟ್ಟಿಗಳ ನಡುವೆ ಮಣ್ಣಿಟ್ಟು, ಪಿವಿಸಿ ಪೈಪಿನ ತುಂಡಿನಿಂದ ಲಟ್ಟಿಸಿ. ಪಟ್ಟಿ ಇರುವುದರಿಂದ ಎಲ್ಲರ ಬಿಲ್ಲೆಯೂ ಒಂದೇ ದಪ್ಪ ಬರುತ್ತದೆ. ಆನೆಯ ಹೊಟ್ಟೆ, ತಲೆ ಉಬ್ಬಿಸಲು ಮಣ್ಣು ಸೇರಿಸುವಾಗ ಸುಮ್ನೆ ಅಂಟಿಸಿದರೆ ಒಣಗಿದ ಮೇಲೆ ಕಳಚಿ ಬೀಳುತ್ತದೆ. ಎರಡೂ ಕಡೆ ಕಡ್ಡಿಯಿಂದ ಅಡ್ಡಡ್ಡ ಗೀರಿ, ತೆಳು ಕೆಸರು ಹಚ್ಚಿ, ಒತ್ತಿ, ಅಂಚನ್ನು ಬೆರಳಿಂದ ಸವರಿ ಸೇರಿಸಬೇಕು. ಇದನ್ನು ನಾನು ಪ್ರತಿ ವರ್ಷ ಮೂರು ಸಲ ಹೇಳುತ್ತೇನೆ. ಆದರೂ ಕೆಲವರ ಸೊಂಡಿಲು ಬೀಳುತ್ತದೆ, ಎರಡನೇ ಸಲ ಅವರು ಮರೆಯುವುದಿಲ್ಲ.

ಒಣಗಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಮೊದಲ ವರ್ಷ ನಾನು ಬಿಲ್ಲೆಗಳನ್ನು ಕಿಟಕಿಯ ಪಕ್ಕ ಗಾಳಿಗೆ ಇಟ್ಟಿದ್ದೆ. ಸೋಮವಾರ ಬಂದು ನೋಡಿದರೆ ಅರ್ಧಕ್ಕರ್ಧ ಬಿರುಕು ಬಿಟ್ಟಿದ್ದವು. ಒಬ್ಬಳು ಹುಡುಗಿ ತನ್ನ ಆನೆಯ ಎರಡು ತುಂಡು ಹಿಡಿದು ಮಾತಾಡದೆ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಚು ಬೇಗ ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿ ಇರುತ್ತದೆ, ಆ ಎಳೆದಾಟಕ್ಕೆ ಬಿರಿಯುತ್ತದೆ. ಈಗ ಪೇಪರಿನ ಮೇಲೆ ಬಿಲ್ಲೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ, ಎರಡು ದಿನಕ್ಕೊಮ್ಮೆ ಮಗುಚುತ್ತೇವೆ. ನಾಲ್ಕನೇ ದಿನ ಪ್ಲಾಸ್ಟಿಕ್ ಸ್ವಲ್ಪ ಸರಿಸುತ್ತೇವೆ. ಹತ್ತು ದಿನ ಬೇಕು, ಚಳಿಗಾಲದ ಇಬ್ಬನಿ ಜೋರಾಗಿದ್ದರೆ ಇನ್ನೂ ಜಾಸ್ತಿ. ಒಣಗಿದೆಯಾ ಅಂತ ತಿಳಿಯಲು ಬಿಲ್ಲೆಯನ್ನು ಕೆನ್ನೆಗೆ ಇಟ್ಟು ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಕುಂಬಾರರ ಆವಿಗೆಯಲ್ಲಿ ಸುಡಿಸುವುದಾದರೆ ಈ ಪರೀಕ್ಷೆ ತಪ್ಪಿಸಲೇಬೇಡಿ, ಒಳಗಿನ ನೀರು ಆವಿಯಾಗಿ ಬಿಲ್ಲೆ ಸಿಡಿಯುತ್ತದೆ, ಪಕ್ಕದವರ ಮಡಕೆಯೂ ಹಾಳಾಗುತ್ತದೆ. ಸುಡದಿದ್ದರೂ ಪರವಾಗಿಲ್ಲ, ನಿಮ್ಮದೇ ಮಣ್ಣಿನ ಬಣ್ಣ ಬಳಿದು ಒಳಗಿನ ಗೋಡೆಗೆ ಹಾಕಬಹುದು.

ನಾಲ್ಕನೇ ಕೆಲಸ: ಸೋಪಿನಲ್ಲಿ ಕೆತ್ತನೆ

ಆನೆ ಮಾಡುವಾಗ ಮಣ್ಣು ಸೇರಿಸಿದೆವು. ಈಗ ತೆಗೆಯುವ ಕೆಲಸ. ಎರಡನ್ನೂ ಬೆನ್ನುಬೆನ್ನಿಗೆ ಮಾಡಿಸಿ.

ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿಯೇ ಬೇಲೂರಿನ ಮದನಿಕೆಯರ ಮೈಮೇಲಿನ ಒಡವೆಯಲ್ಲಿ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ನಮ್ಮ ಸೋಪಿನ ಗುಣವೂ ಹೀಗೇ. ಕವರು ಬಿಚ್ಚಿದ ಹೊಸ ಮೈಸೋಪು ಬೆಣ್ಣೆಯಂತೆ ಕೆತ್ತನೆಗೆ ಸಿಗುತ್ತದೆ, ತಿಂಗಳು ಹೊರಗಿಟ್ಟದ್ದು ಪುಡಿಪುಡಿಯಾಗಿ ಒಡೆಯುತ್ತದೆ. ಅದಕ್ಕೇ ಸೋಪಿನ ಕವರನ್ನು ಕ್ಲಾಸಿನಲ್ಲೇ ಬಿಚ್ಚಿಸಿ.

ಮೇಲಿನ ಕಂಪನಿ ಹೆಸರನ್ನು ಸ್ಕೇಲಿನಿಂದ ಹೆರೆದು ಸಪಾಟು ಮಾಡಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹೇಗೆ ಕಾಣಬೇಕು ಅಂತ ಮೂರು ಕಡೆಯೂ ಕಂಪಾಸಿನ ಮೊನೆಯಿಂದ ಗೀರಿ. ಐಸ್‌ಕ್ರೀಮ್ ಕಡ್ಡಿಯನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿದರೆ ಅದೇ ಉಳಿ. ಬ್ಲೇಡು ಬೇಕಿಲ್ಲ. ಮೊದಲು ನಾಲ್ಕು ಮೂಲೆ ತೆಗೆಯಿರಿ, ಆಮೇಲೆ ದೊಡ್ಡ ಆಕಾರ, ಕೊನೆಗೆ ಕಣ್ಣು, ಕಿವಿ. ಎಲ್ಲ ಮಕ್ಕಳೂ ಕಣ್ಣಿನಿಂದಲೇ ಶುರು ಮಾಡಲು ನೋಡುತ್ತಾರೆ, ತಡೆಯಿರಿ. ಕತ್ತು, ಕಾಲು ತೆಳ್ಳಗೆ ಮಾಡಿದರೆ ಮುರಿಯುತ್ತದೆ. ಮುರಿದರೆ ಹೊಸ ಸೋಪು ಕೊಡಬೇಡಿ. ಉಳಿದ ತುಂಡಿನಲ್ಲಿ ಇನ್ನೇನು ಕಾಣುತ್ತದೆ ಅಂತ ಕೇಳಿ. ನಿಂತ ಕುದುರೆ ಕೂತ ಕರುವಾದದ್ದನ್ನು ನಾನು ನೋಡಿದ್ದೇನೆ, ಆ ಕರು ಕುದುರೆಗಿಂತ ಚೆನ್ನಾಗಿತ್ತು. ಹೆರೆದ ಚೂರುಗಳನ್ನು ಬಾಟಲಿಗೆ ಹಾಕಿ ನೀರು ತುಂಬಿದರೆ ಬಿಸಿಯೂಟಕ್ಕೆ ಕೈ ತೊಳೆಯಲು ಆಗುತ್ತದೆ.

ಕೊನೆಯಲ್ಲಿ ಒಂದು ಕೆಲಸ ಖಂಡಿತ ಮಾಡಿಸಿ. ಬೇಲೂರಿನ ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ನಮಗೆ ಇವತ್ತು ಗೊತ್ತಿರುವುದು ಅದರಿಂದ. ಮಕ್ಕಳೂ ಸೋಪಿನ ಬುಡದಲ್ಲಿ, ಬಿಲ್ಲೆಯ ಹಿಂದೆ, ಕನ್ನಡದಲ್ಲಿ ತಮ್ಮ ಹೆಸರು, ಊರು ಕೆತ್ತಲಿ. ಅಪ್ಪ ಅಮ್ಮನ ಹೆಸರು ಸೇರಿಸಬಹುದಾ ಸರ್ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸೇರಿಸಲಿ.

ಮಾರ್ಕ್ಸ್ ಮತ್ತು ಗೋಡೆ

ನೀಟಾಗಿ ಬಂದದ್ದಕ್ಕೆ ಮಾತ್ರ ಮಾರ್ಕ್ಸ್ ಕೊಟ್ಟರೆ ಮಕ್ಕಳು ಮತ್ತೆ ಸುಲಭದ್ದನ್ನೇ ಆರಿಸುತ್ತಾರೆ. ನಾನು ಪ್ರತಿ ಕೆಲಸದ ಜೊತೆ ಮೂರು ಸಾಲು ಬರೆಸುತ್ತೇನೆ: ಏನು ಕೆಟ್ಟಿತು, ಯಾಕೆ ಕೆಟ್ಟಿತು, ಆಮೇಲೆ ಏನು ಮಾಡಿದೆ. ಅರ್ಧ ಮಾರ್ಕ್ಸ್ ಅದಕ್ಕೆ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಆರಿಸುವಾಗಲೂ ನಾನು ಮೊದಲು ತೆಗೆದು ನೋಡುವುದು ಈ ಸಾಲುಗಳನ್ನು.

ಎಲ್ಲರ ಕೆಲಸವನ್ನೂ ವರಾಂಡದಲ್ಲಿ ಇಡಿ, ಆರಿಸಬೇಡಿ. ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ, ಮಳೆ ಎರಚಲು ಬೀಳದ ಗೋಡೆ ನೋಡಿಕೊಳ್ಳಿ. ಪೋಷಕರ ಸಭೆಯ ದಿನ ಮಗುವೇ ಪಕ್ಕದಲ್ಲಿ ನಿಂತು, ಮಣ್ಣು ಎಲ್ಲಿಂದ ತಂದೆ, ಹೇಗೆ ಅರೆದೆ ಅಂತ ಅಪ್ಪ ಅಮ್ಮನಿಗೆ ಹೇಳಲಿ. ಉಳಿದ ಬಣ್ಣದ ಪುಡಿಯನ್ನು ಚೆನ್ನಾಗಿ ಒಣಗಿಸಿ, ಗಾಜಿನ ಬಾಟಲಿಗೆ ತುಂಬಿ, ಮುಂದಿನ ವರ್ಷದ ಎಂಟನೇ ಕ್ಲಾಸಿಗೆ ಎತ್ತಿಡಿ. ಬಾಟಲಿಯ ಚೀಟಿಯಲ್ಲಿ ಊರಿನ ಹೆಸರು, ತಂದ ಮಗುವಿನ ಹೆಸರು ಎರಡನ್ನೂ ಪೆನ್ಸಿಲ್‌ನಲ್ಲಿ ಬರೆಸಿ. ಪೆನ್ನಿನ ಇಂಕು ನಮ್ಮ ಕಡೆಯ ತೇವಕ್ಕೆ ಒಂದೇ ಮಳೆಗಾಲದಲ್ಲಿ ಹರಡಿಹೋಗುತ್ತದೆ.